ಒಣ ಜಪ

ಹೊಟ್ಟೆ ನೋವಾದ್ರೆ ಹೊಟ್ಟೆ ನೋಯ್ತಿದೆ ಅನ್ನಬಹುದು. ‘ನಾನು ನಾನಾಗಿಲ್ಲ’ ಅಂತ ಡಾಕ್ಟರಿಗೆ ಹೇಗೆ ಹೇಳೋದು? ಹಾಗೆ ಹೇಳ್ತಿರೋನು ಯಾರು ಅನ್ನೋದೇ ಅಲ್ಲಿ ತಕರಾರು.

ಸುಮಾರು ಏಳು ತಿಂಗಳು ನಾನು ಹಾಗಿದ್ದೆ. ಮೀಟಿಂಗಿನಲ್ಲಿ ಮಾತಾಡ್ತಿದ್ದೆ, ದನಿ ಪಕ್ಕದ ರೂಮಿನಿಂದ ಬಂದಂಗಿರ್ತಿತ್ತು. ಕೀಬೋರ್ಡ್ ಮೇಲೆ ಬೆರಳು ಓಡ್ತಿದ್ವು, ಯಾರದೋ ಬೆರಳು. ನಮ್ಮ ಕಸುಬಿನ ಭಾಷೇಲಿ ಹೇಳೋದಾದ್ರೆ, ನನ್ನ ಬದುಕಿಗೆ ನನಗೇ ರೀಡ್-ಓನ್ಲಿ ಆಕ್ಸೆಸ್. ಎಲ್ಲಾ ಕಾಣುತ್ತೆ, ಏನನ್ನೂ ಮುಟ್ಟೋಕಾಗಲ್ಲ. ಮಗಳು ಓಡಿ ಬಂದು ಕಾಲು ತಬ್ಬಿಕೊಂಡಾಗಲೂ ಒಳಗೆ ಏನೂ ಅಲುಗಾಡಲಿಲ್ಲ. ಹೆದರಿದ್ದು ಆಗ.

ಇದಕ್ಕೆ ಹೆಸರಿದೆ ಅಂದ್ರು ಡಾಕ್ಟರು: ಡಿಪರ್ಸನಲೈಸೇಶನ್. ಮನೆಗೆ ಬಂದು ಹುಡುಕಿದೆ, ಬಿಡ್ತೀವಾ ನಾವು! 1898ರಲ್ಲಿ ಲುಡೋವಿಕ್ ದುಗಾ ಅನ್ನೋ ಫ್ರೆಂಚ್ ವಿದ್ವಾಂಸ ಈ ಸ್ಥಿತಿಗೆ ಆ ಹೆಸರಿಟ್ಟನಂತೆ. ಪದ ಸಿಕ್ಕಿದ್ದು ಜಿನೀವಾದ ಅಮಿಯೆಲ್ ಅನ್ನೋ ಪ್ರೊಫೆಸರ ದಿನಚರಿಯಲ್ಲಿ. ಇದು ನನಗೊಬ್ಬನಿಗೇ ಬಂದದ್ದಲ್ಲ ಅಂತ ಗೊತ್ತಾಗಿ ಸ್ವಲ್ಪ ಹಗುರಾಯ್ತು. ಇದು ಹುಚ್ಚಲ್ಲ; ‘ಹಾಗನ್ನಿಸ್ತಿದೆ ಅಷ್ಟೇ, ನಿಜವಾಗಿ ಹಾಗಿಲ್ಲ’ ಅನ್ನೋ ತಿಳಿವು ಉಳಿದಿರುತ್ತೆ. ಬಹಳ ದಿನ ಗಾಬರಿಯಲ್ಲಿ, ನಿದ್ದೆಗೆಟ್ಟು ಬೆಂದ ಮನಸ್ಸು ತನ್ನ ವಾಲ್ಯೂಮನ್ನ ತಾನೇ ತಗ್ಗಿಸಿಕೊಂಡಂಗೆ. ‘ಈಗ ಸರಿಹೋಯ್ತಾ, ಈಗ?’ ಅಂತ ಕೆದಕಿ ನೋಡಿಕೊಂಡಷ್ಟೂ ಜಾಸ್ತಿಯಾಗುತ್ತೆ. ನಾನು ನಿಮಿಷಕ್ಕೊಮ್ಮೆ ನೋಡಿಕೊಳ್ತಿದ್ದೆ.

ಸ್ನೇಹಿತರೊಬ್ರು ಬೆಂಗಳೂರಲ್ಲಿ ಒಂದು ಪ್ರಾರ್ಥನಾ ಕೂಟಕ್ಕೆ ಕರ್ಕೊಂಡು ಹೋದ್ರು. ಕೀಬೋರ್ಡು, ಡ್ರಮ್ಮು, ಕಣ್ಣೀರು. ದೇವರು ಮುಟ್ಟಿದ್ದು ಗೊತ್ತಾಯ್ತಾ ಅಂತ ಪಕ್ಕದವರು ಕೇಳಿದ್ರು. ನನ್ನ ಕೈಯೇ ನನಗೆ ಗೊತ್ತಾಗ್ತಿಲ್ಲ ಸ್ವಾಮಿ! ಒಳಗೆ ಹೋಗುವಾಗ ಇದ್ದದ್ದಕ್ಕಿಂತ ಒಂಟಿಯಾಗಿ ಹೊರಗೆ ಬಂದೆ.

ನಮ್ಮದು ಉಯ್ಯಂಬಳ್ಳಿ ಹೋಬಳಿ. ಅವ್ವನ ತವರು ಪಕ್ಕದ ಹಾರೋಬೆಲೆ, ಅರ್ಕಾವತಿಗೆ ಅಣೆಕಟ್ಟು ಕಟ್ಟಿದ ಊರು. ಯೇಸುಸಭೆಯ ಪಾದ್ರಿಗಳು 17ನೇ ಶತಮಾನದಲ್ಲಿ ಮೈಸೂರು ಸೀಮೆಗೆ ಬಂದ ಕಾಲದಿಂದ ಅಲ್ಲಿ ಕ್ರೈಸ್ತರಿದ್ದಾರೆ ಅನ್ನೋದು ಹಿರಿಯರ ಮಾತು. 2019ರ ಕ್ರಿಸ್ಮಸ್ಸಿಗೆ 114 ಅಡಿ ಯೇಸು ಪ್ರತಿಮೆಯ ಗಲಾಟೆ ಶುರುವಾದಾಗ ಟಿವಿಯವರು ಕಪಾಲಬೆಟ್ಟ ತೋರಿಸಿ ತೋರಿಸಿ ದಣಿದ್ರು. ಎಷ್ಟು ಅಡಿ ಅನ್ನೋದೇ ದೊಡ್ಡ ಸುದ್ದಿ. ತಪಸ್ಸುಕಾಲದಲ್ಲಿ ಶಿಲುಬೆಯ ಹಾದಿ ಹಾಡ್ತಾ ಆ ಬೆಟ್ಟ ಹತ್ತೋ ಮುದುಕಿಯರನ್ನ ಯಾರೂ ಮಾತಾಡಿಸಲಿಲ್ಲ.

ಅಂಥಾ ಒಬ್ಬ ಮುದುಕಿ ನಮ್ಮವ್ವ. ಆ ವರ್ಷ ತಪಸ್ಸುಕಾಲದಲ್ಲಿ ಊರಿಗೆ ಹೋಗಿದ್ದೆ. ರಾತ್ರಿ ಜಪಸರಕ್ಕೆ ಕರೆದಳು.

“ಅವ್ವ, ನಂಗೇನೂ ಅನ್ನುಸ್ತಾ ಇಲ್ಲ.”

“ಅನ್ನುಸ್ದಿದ್ರೆ ಬುಡು ಮಗ. ನಿನ್ನರ್ಧ ನೀನ್ ಹೇಳು. ಮಿಕ್ಕರ್ಧ ನಾವ್ ಹೇಳ್ತೀವಿ.”

ಜಪಸರ ಗೊತ್ತಿಲ್ಲದವರಿಗೆ ಹೇಳಬೇಕು. ಹತ್ತತ್ತು ಮಣಿಯ ಐದು ಸುತ್ತು, ಮಣಿಗೊಂದು ಮರಿಯಮ್ಮನ ಜಪ. ಮೊದಲರ್ಧ ಒಬ್ಬರು, ಉಳಿದರ್ಧ ಮಿಕ್ಕವರು. ನಿಮ್ಮ ಸಾಲು ಮುಗಿಯೋ ಹೊತ್ತಿಗೆ ಅವರು ಎತ್ತಿಕೊಂಡಿರ್ತಾರೆ, ಕೆದಕಿ ನೋಡಿಕೊಳ್ಳೋಕೆ ಪುರುಸೊತ್ತೇ ಇಲ್ಲ. ಬೆರಳಿಗೆ ಮಣಿ ತಾಗ್ತಾ ಇರುತ್ತೆ. ಭಾವನೆ ಬೇಕು ಅಂತ ಯಾರೂ ಕೇಳಲ್ಲ. ಕಾಲೇಜಲ್ಲಿ ಇದನ್ನ ಗಿಣಿಪಾಠ ಅಂತ ನಗ್ತಿದ್ವು. ಆ ರಾತ್ರಿ ನನ್ನ ಕೈಲಾದದ್ದು ಗಿಣಿಪಾಠ ಒಂದೇ, ಮತ್ತು ಅಷ್ಟು ಸಾಕಾಗಿತ್ತು.

ಮದರ್ ತೆರೇಸಾ ತೀರಿಕೊಂಡು ಹತ್ತು ವರ್ಷಕ್ಕೆ, 2007ರಲ್ಲಿ, ಅವರ ಪತ್ರಗಳು ಪುಸ್ತಕವಾಗಿ ಬಂದ್ವು. ಹೆಚ್ಚುಕಡಿಮೆ ಐವತ್ತು ವರ್ಷ ಆಯಮ್ಮ ಒಳಗೆ ಕತ್ತಲಲ್ಲೇ ಇದ್ರು, ದೇವರು ಇದ್ದಾನೆ ಅನ್ನಿಸದೆ. ಅವರದು ನನ್ನ ಕಾಯಿಲೆ ಅಲ್ಲ, ಬೆರೆಸೋದು ಬೇಡ. ಆದ್ರೆ ಬೆಳಿಗ್ಗೆದ್ದು ಜಪಕ್ಕೆ ಕೂರೋದನ್ನ ಬಿಡಲಿಲ್ಲ. ಇನ್ನೊಂದು: ಯೇಸುಸ್ವಾಮಿ ಶಿಲುಬೆ ಮೇಲೆ ‘ಯಾಕೆ ಕೈಬಿಟ್ಟೆ’ ಅಂತ ತಂದೇನ ಕೇಳಿದ ಮಾತು ಹೊಸದಲ್ಲ, 22ನೇ ಕೀರ್ತನೆಯ ಮೊದಲ ಸಾಲು. ಕಡೇ ಗಳಿಗೇಲಿ ಬಾಯಿಗೆ ಬಂದದ್ದು ಬಾಯಿಪಾಠವಾಗಿದ್ದ ಪ್ರಾರ್ಥನೆ. ಹಾರೋಬೆಲೇಲಿ ಶುಭ ಶುಕ್ರವಾರದ ಹೊತ್ತಿಗೆ ಊರವರೇ ಆಡೋ ಯಾತನೆಯ ನಾಟಕದಲ್ಲಿ ಚಿಕ್ಕಂದಿನಿಂದ ಆ ಕೂಗು ಕೇಳಿದ್ದೆ. ಅರ್ಥ ಆಗೋಕೆ ಇಷ್ಟು ವರ್ಷ ಹಿಡೀತು.

ಜಪದಿಂದಲೇ ವಾಸಿಯಾಯ್ತು ಅಂತ ನಾನು ಸಾಕ್ಷಿ ಹೇಳೋನಲ್ಲ. ಮಾತ್ರೆ ತಗೊಂಡೆ, ಕೌನ್ಸೆಲಿಂಗಿಗೆ ಹೋದೆ, ರಾತ್ರಿ ಪಾಳಿ ಬಿಟ್ಟೆ. ನಿಮಗೂ ಹಿಂಗಾಗ್ತಿದ್ರೆ 14416ಕ್ಕೆ ಫೋನ್ ಮಾಡಿ. ಟೆಲಿ-ಮಾನಸ್, 2022ರಲ್ಲಿ ಸರ್ಕಾರ ಶುರುಮಾಡಿದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಗುರುಗಳೂ ಡಾಕ್ಟರ ಹತ್ರ ಹೋಗು ಅಂತಲೇ ಅಂದಿದ್ದು. ಒಳ್ಳೇ ಗುರುಗಳು ಹಂಗಂತಾರೆ.

ಈಗ ಆ ಮಂಕು ಅಪರೂಪಕ್ಕೆ ಬರುತ್ತೆ, ನಿದ್ದೆ ಕೆಟ್ಟ ವಾರ. ಬಂದ್ರೆ ಬರಲಿ ಅಂತ ಬಿಡ್ತೀನಿ. ರಾತ್ರಿ ಒಂಬತ್ತಕ್ಕೆ ಅವ್ವನ ಫೋನು. ಸ್ಪೀಕರಿಗೆ ಹಾಕಿ ಟೇಬಲ್ ಮೇಲಿಡ್ತೀವಿ. ಮೊದಲರ್ಧ ಅವಳು ಹೇಳ್ತಾಳೆ. ಮಿಕ್ಕರ್ಧ ನಾವು ಮೂರು ಜನ. ಮಗಳು ಒಂದು ಪದ ತಪ್ಪಾಗಿ ಕಲಿತುಬಿಟ್ಟಿದ್ದಾಳೆ, ತಿದ್ದಬೇಡ ಅಂದಿದ್ದಾಳೆ ಅವ್ವ.