ಏರಿಯ ಮೇಲೆ, ಏರಿಯ ಕೆಳಗೆ

ನಮ್ಮ ಕಡೆ ಕೆರೆ ನೋಡಬೇಕು ಅಂತ ಯಾರೂ ಮನೆಯಿಂದ ಹೊರಡುವುದಿಲ್ಲ. ದನ ತೊಳೆಯಲು ಹೋಗುತ್ತಾರೆ, ಬಟ್ಟೆ ಒಗೆಯಲು ಹೋಗುತ್ತಾರೆ, ಮೀನು ಹಿಡಿಯಲು ಹೋಗುತ್ತಾರೆ, ಗೌರಿ ಗಣೇಶನನ್ನು ಬಿಡಲು ಹೋಗುತ್ತಾರೆ. ಸುಮ್ಮನೆ ಏರಿಯ ಮೇಲೆ ನಿಂತು ನೀರು ನೋಡುತ್ತಿರುವವನನ್ನು ಕಂಡರೆ, ಮನೆಯಲ್ಲಿ ಜಗಳವಾ ಎಂದು ಕೇಳುತ್ತಾರೆ. ಚಾಮರಾಜನಗರದಿಂದ ಸತ್ಯಮಂಗಲದ ರಸ್ತೆ ಹಿಡಿದರೆ ಐದಾರು ಕಿಲೋಮೀಟರಿಗೆ ಸಿಗುವ ಹರದನಹಳ್ಳಿ ನಮ್ಮೂರು. ತೋಂಟದ ಸಿದ್ಧಲಿಂಗ ಯತಿಗಳು ಹುಟ್ಟಿದ ಊರೆಂದು, ದಿವ್ಯಲಿಂಗೇಶ್ವರನ ಹಳೆಯ ಗುಡಿ ಇರುವ ಊರೆಂದು ಬಲ್ಲವರು ಬಲ್ಲರು. ಉಳಿದವರಿಗೆ ಇದು ಬಸ್ಸಿನ ಕಿಟಕಿಯಲ್ಲಿ ಹಾದುಹೋಗುವ ಒಂದು ಹೆಸರು. ಇದೇ ರಸ್ತೆಯಲ್ಲಿ ಇನ್ನಷ್ಟು ಮುಂದೆ ಹೋದರೆ ಸುವರ್ಣಾವತಿ, ಚಿಕ್ಕಹೊಳೆ ಎಂಬ ಅವಳಿ ಜಲಾಶಯಗಳಿವೆ.

ನನ್ನ ವಯಸ್ಸಿನವರು ಬೆಳೆಯುವ ಹೊತ್ತಿಗೆ ಈ ಭಾಗದ ಕೆರೆಗಳಲ್ಲಿ ಬಹುಪಾಲು ವರ್ಷ ನೀರೇ ಇರುತ್ತಿರಲಿಲ್ಲ. ಕೆರೆಯಂಗಳ ಎಂದರೆ ನಮಗೆ ಜಾಲಿ ಮುಳ್ಳಿನ ನಡುವೆ ಸವರಿಕೊಂಡ ಕ್ರಿಕೆಟ್ ಮೈದಾನ. ಕಬಿನಿ ನೀರನ್ನು ಪಂಪ್ ಮಾಡಿ ಪೈಪಿನಲ್ಲಿ ತಂದು ಕೆರೆ ತುಂಬಿಸುವ ಯೋಜನೆ ಬಂದ ಮೇಲೆ ಕೆಲವು ಕೆರೆಗಳು ನೀರು ಕಂಡವು. ಆದರೆ 2022ರ ಮಳೆಯೇ ಬೇರೆ. ಅವಳಿ ಜಲಾಶಯಗಳು ತುಂಬಿದವು. ಒಂದಾದ ಮೇಲೊಂದು ಕೆರೆ ಕೋಡಿ ಬಿತ್ತು. ಆಗ ನೋಡಬೇಕಿತ್ತು ನಮ್ಮ ಜನವನ್ನು. ಪಟ್ಟಣದಿಂದ ಬೈಕಿನ ಮೇಲೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬಂದರು. ಏರಿಯ ಮೇಲೆ ಚುರುಮುರಿ ಗಾಡಿ ನಿಂತಿತು. ಬಾಗಿನ ಬಿಡುವವರು ಬಾಗಿನ ಬಿಟ್ಟರು, ಫೋಟೋ ತೆಗೆಯುವವರು ಫೋಟೋ ತೆಗೆದರು. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಕೆರೆ ನಮ್ಮಲ್ಲಿ ನೋಡುವ ವಸ್ತುವಾಯಿತು.

ಅಂಥದೊಂದು ಕೆರೆಯ ಏರಿಯ ಕೆಳಗೆ ನನ್ನ ಗೆಳೆಯನ ಒಂದೂಕಾಲು ಎಕರೆ ಇದೆ. ಆ ವರ್ಷ ಅವನು ಅರಿಸಿನ ಹಾಕಿದ್ದ. ಅರಿಸಿನ ಎಂದರೆ ಎಂಟು ಒಂಬತ್ತು ತಿಂಗಳ ಬೆಳೆ. ಮುಂಗಾರಿಗೆ ಇಟ್ಟರೆ ಸಂಕ್ರಾಂತಿ ಕಳೆದ ಮೇಲೆ ಕೀಳುವುದು. ಬೇರಿನಲ್ಲಿ ನೀರು ನಿಂತರೆ ಮೇಲೆ ಎಲೆ ಹಸಿರಾಗಿದ್ದ ಹಾಗೇ ಕೆಳಗೆ ಗೆಡ್ಡೆ ಕೊಳೆಯುತ್ತಾ ಹೋಗುತ್ತದೆ. ಕೋಡಿಯ ನೀರು ಹರಿದುಹೋಗಬೇಕಾದ ಕಾಲುವೆ ಕೆಳಗಡೆ ಒಂದು ಹೊಸ ಬಡಾವಣೆಯ ಹತ್ತಿರ ಮುಚ್ಚಿಹೋಗಿತ್ತು. ನೀರು ತನಗೆ ತೋಚಿದ ದಾರಿ ಹಿಡಿಯಿತು. ಹನ್ನೊಂದು ದಿನ ಅವನ ಹೊಲದಲ್ಲಿ ನಿಂತಿತ್ತು. ಏರಿಯ ಮೇಲೆ ಚುರುಮುರಿ ತಿನ್ನುತ್ತಿದ್ದವರಿಗೆ ಹಿಂದಕ್ಕೆ ತಿರುಗಿದರೆ ಅದೂ ಒಂದು ಪುಟ್ಟ ಕೆರೆಯ ಹಾಗೇ ಕಾಣುತ್ತಿತ್ತು.

ಅದಾದ ಮೇಲೆ ಅವನು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟ. ನಾವು ನಾಲ್ವರು ಒಂದೇ ಹೈಸ್ಕೂಲಿನವರು. ಒಬ್ಬ ಅತಿಥಿ ಶಿಕ್ಷಕ, ಅವನನ್ನು ಮೇಷ್ಟ್ರು ಅನ್ನುತ್ತೇವೆ. ಇನ್ನೊಬ್ಬ ಬೈಕ್ ಮೆಕ್ಯಾನಿಕ್. ನನ್ನದು ಚಾಮರಾಜನಗರದಲ್ಲಿ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಅವನನ್ನು ಎರಡು ದಿನ ಎಲ್ಲಿಗಾದರೂ ಕರೆದುಕೊಂಡು ಹೋಗೋಣ ಎಂದು ಮೇಷ್ಟ್ರು ಹೇಳಿದ. ತಲೆಗೆ 1,500 ರೂಪಾಯಿ, ಅದರ ಮೇಲೆ ಒಂದು ರೂಪಾಯಿ ಇಲ್ಲ. ಎರಡು ಬೈಕು, ಒಂದು ರಾತ್ರಿ, ಊಟಿ. ರೈತನ ಪಾಲನ್ನು ನಾವು ಮೂವರು ಹಾಕಲು ಹೋದರೆ ಅವನು ಒಪ್ಪಲಿಲ್ಲ. ಹಸು ಹಾಲಿನ ದುಡ್ಡಿನಲ್ಲಿ ಎಣಿಸಿ ಕೊಟ್ಟ.

ನವೆಂಬರಿನ ಒಂದು ಶನಿವಾರ ಬೆಳಿಗ್ಗೆ ಹೊರಟೆವು. ಚಾಮರಾಜನಗರ ದಾಟಿ ಗುಂಡ್ಲುಪೇಟೆಯ ದಾರಿ. ಆ ವರ್ಷ ಆ ದಾರಿಯಲ್ಲಿ ಹೋಗುವುದೇ ಒಂದು ಸುಖ. ತೆರಕಣಾಂಬಿ ಒಂದು ಕಾಲಕ್ಕೆ ಕೋಟೆ ಪೇಟೆ ಇದ್ದ ದೊಡ್ಡ ಊರು. ಅಲ್ಲಿನ ಕೆರೆಯ ಹತ್ತಿರ ಬೈಕು ನಿಲ್ಲಿಸಿದೆವು. ಮೆಕ್ಯಾನಿಕ್ ಫೋಟೋ ತೆಗೆದ. ರೈತ ಏರಿಯ ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿ, "ಇದ್ರ ಕೋಡಿ ಎಲ್ಲದೆ?" ಎಂದು ಕೇಳಿದ. ಯಾರಿಗೂ ಗೊತ್ತಿರಲಿಲ್ಲ.

ಗುಂಡ್ಲುಪೇಟೆಯಲ್ಲಿ ಇಡ್ಲಿ ತಿಂದು, ಗೋಪಾಲಸ್ವಾಮಿ ಬೆಟ್ಟವನ್ನು ಬಲಕ್ಕೆ ದೂರದಲ್ಲಿ ನೋಡಿಕೊಂಡು ಬಂಡೀಪುರದ ಕಾಡು ಹೊಕ್ಕೆವು. ಗುಂಡ್ಲು ಹೊಳೆ ಈ ಕಡೆಯಿಂದಲೇ ಇಳಿದು ಬಡಗಣಕ್ಕೆ ಹರಿದು ನಂಜನಗೂಡಿನಲ್ಲಿ ಕಪಿಲೆಯನ್ನು ಸೇರುತ್ತದೆ. ಅದೇ ಕಪಿಲೆಯ ನೀರನ್ನು ನಾವು ಮತ್ತೆ ಪೈಪಿನಲ್ಲಿ ಈ ಕಡೆಗೆ ಎತ್ತಿ ತರುತ್ತಿದ್ದೇವೆ. ನೀರಿಗೂ ಒಂದು ರೌಂಡ್ ಟ್ರಿಪ್ ಇದೆ ಎಂದು ಮೇಷ್ಟ್ರು ನಗಾಡಿದ. ಕೆಕ್ಕನಹಳ್ಳದ ಗಡಿಯಲ್ಲಿ ನಮ್ಮ ಪ್ಲಾಸ್ಟಿಕ್ ನೀರಿನ ಬಾಟಲಿಗಳನ್ನು ಇಳಿಸಿಕೊಂಡರು. ನೀಲಗಿರಿ ಜಿಲ್ಲೆಯೊಳಗೆ ಅವಕ್ಕೆ ಪ್ರವೇಶವಿಲ್ಲ. ಮಸಿನಗುಡಿ ದಾಟಿ ಕಲ್ಲಟ್ಟಿಯ 36 ತಿರುವುಗಳನ್ನು ಏರುವಾಗ ಹಿಂದೆ ಕೂತವರು ಎರಡು ಕಡೆ ಇಳಿದು ನಡೆಯಬೇಕಾಯಿತು. ಗಾಡಿಗೆ ಹದಿನಾಲ್ಕು ವರ್ಷ, ಅದನ್ನು ಬೈಯುವಂತಿಲ್ಲ.

ಊಟಿಯ ಕೆರೆ ಹುಟ್ಟಾ ಕೆರೆಯಲ್ಲ. ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲಿವನ್ 1820ರ ದಶಕದಲ್ಲಿ ತೊರೆಗಳಿಗೆ ಅಡ್ಡ ಏರಿ ಹಾಕಿಸಿ ಮಾಡಿಸಿದ್ದು. ಮೊದಲು ಅದು ಈಗಿನದಕ್ಕಿಂತ ಬಹಳ ದೊಡ್ಡದಿತ್ತು. ಇವತ್ತು ಬಸ್ ನಿಲ್ದಾಣ, ರೇಸ್‌ಕೋರ್ಸ್ ಇರುವ ಜಾಗವೆಲ್ಲ ಒಂದು ಕಾಲಕ್ಕೆ ಕೆರೆಯೇ. ಮೇಷ್ಟ್ರು ಇದನ್ನು ಹೇಳುತ್ತಿದ್ದಂತೆ ರೈತನ ಮುಖ ಎಷ್ಟೋ ದಿನದ ಮೇಲೆ ಅರಳಿತು. "ಇಲ್ಲೂ ಒತ್ತುವರೀನಾ? ಅಲ್ಲೂ ಸೈಟು, ಇಲ್ಲೂ ಸೈಟು. ನಮ್ಮೂರೇನೂ ಕಮ್ಮಿಯಿಲ್ಲ ಬುಡು" ಎಂದ.

ದೋಣಿಗೆ ನಾಲ್ಕು ಸೀಟು. ರೈತ ಹತ್ತಲಿಲ್ಲ. ನಾವು ಮೂವರು ಪೆಡಲ್ ತುಳಿದುಕೊಂಡು ಒಂದು ಸುತ್ತು ಬಂದೆವು. ಮೋಡ ನೀರಿನ ಮೇಲೆ ಕೂತಿತ್ತು, ನೀಲಗಿರಿ ಮರದ ವಾಸನೆ, ಯಾರದೋ ಹನಿಮೂನು, ಯಾರದೋ ಮಗುವಿನ ಅಳು. ಚೆನ್ನಾಗಿತ್ತು. ಚೆನ್ನಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ದಡಕ್ಕೆ ಬಂದರೆ ಇವನಿಲ್ಲ. ಹುಡುಕಿದರೆ ರಸ್ತೆಬದಿಯ ಒಂದು ಟೀ ಅಂಗಡಿಯಲ್ಲಿ ಕೂತು ಅಂಗಡಿಯ ಅಜ್ಜಿಯ ಜೊತೆ ಮಾತಿಗಿಳಿದಿದ್ದ. ಇವನು ನಮ್ಮೂರ ಕನ್ನಡದಲ್ಲಿ ಕೇಳುತ್ತಿದ್ದಾನೆ, ಅಜ್ಜಿ ಬಡಗ ಮಾತಿನಲ್ಲಿ ಉತ್ತರ ಕೊಡುತ್ತಿದ್ದಾಳೆ, ಇಬ್ಬರಿಗೂ ಮುಕ್ಕಾಲು ಪಾಲು ತಿಳಿಯುತ್ತಿದೆ.

ಬಡಗರು ಎಂದರೆ ಬಡಗಣದಿಂದ ಬಂದವರು. ನೀಲಗಿರಿಗೆ ಬಡಗಣ ಎಂದರೆ ನಾವೇ, ಮೈಸೂರು ಸೀಮೆ. ನೂರಾರು ವರ್ಷಗಳ ಹಿಂದೆ ನಮ್ಮ ಕಡೆಯಿಂದ ಬೆಟ್ಟ ಹತ್ತಿ ಬಂದ ಒಕ್ಕಲಿನ ಜನ ಎಂದು ಅವರ ಕಥೆಗಳೇ ಹೇಳುತ್ತವೆ. ಅವರ ಊರುಗಳಿಗೆ ಇವತ್ತಿಗೂ ಹಟ್ಟಿ ಎಂದೇ ಹೆಸರು. ತಲೆಯ ಮೇಲೆ ನಿಂತಿರುವ 2,637 ಮೀಟರಿನ ಶಿಖರದ ಹೆಸರು ದೊಡ್ಡಬೆಟ್ಟ. ಅದನ್ನು ಅನುವಾದ ಮಾಡಿಕೊಡಲು ಗೈಡ್ ಬೇಕಾಗಿಲ್ಲ.

ನಮ್ಮವನು ಅಜ್ಜಿಯನ್ನು ಕೇಳುತ್ತಿದ್ದದ್ದು ಇಷ್ಟೇ: ಈ ಕೆರೆಯ ನೀರು ಹೊರಗೆ ಎಲ್ಲಿಗೆ ಹೋಗುತ್ತದೆ, ಅಲ್ಲಿ ಯಾರ ಹೊಲ ಇದೆ? ಅಜ್ಜಿ ತನ್ನ ಹಟ್ಟಿಯ ಕಥೆ ಹೇಳಿದಳು. ಎರಡು ಗುಡ್ಡದ ನಡುವಿನ ತಗ್ಗಿನಲ್ಲಿ ಮನೆಯವರ ಕ್ಯಾರೆಟ್ ಹೊಲ. ಜೋರು ಮಳೆ ಬಂದರೆ ತಗ್ಗಿನಲ್ಲಿ ನೀರು ನಿಂತು ಎಲ್ಲ ಕೊಳೆಯುತ್ತದೆ. ಅದಕ್ಕೇ ಮಗ ಟ್ಯಾಕ್ಸಿ ಓಡಿಸುತ್ತಾನೆ, ತಾನು ಟೀ ಮಾರುತ್ತೇನೆ. ಈ ಕೆರೆಯನ್ನು ಕೂತು ನೋಡಲು ತನಗೆ ಪುರುಸೊತ್ತು ಇಲ್ಲ ಎಂದಳೆಂದು ನನಗೆ ಅರ್ಥವಾಯಿತು. ನಾಲ್ಕು ಟೀಗೆ ಮೂರು ಟೀಯ ದುಡ್ಡು ತೆಗೆದುಕೊಂಡಳು. ಆ ಉಳಿತಾಯವನ್ನು ಮೇಷ್ಟ್ರು ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡ.

ರಾತ್ರಿ ಒಂದೇ ರೂಮು, 1,400 ರೂಪಾಯಿ, ನಾಲ್ಕು ಜನಕ್ಕೆ ಎರಡು ಮಂಚ. ಚಳಿಗೆ ಯಾರಿಗೂ ನಿದ್ದೆ ಇಲ್ಲ. ಆಗ ಅವನು ತನ್ನ ಲೆಕ್ಕ ಬಿಚ್ಚಿದ. ಬಿತ್ತನೆ ಗೆಡ್ಡೆ, ಗೊಬ್ಬರ, ಆಳು, ಟ್ರ್ಯಾಕ್ಟರು ಸೇರಿ ಎಪ್ಪತ್ತು ಸಾವಿರ ಹೋಗಿದೆ, ಅದರಲ್ಲಿ ನಲವತ್ತು ಸಾಲದ್ದು. ನಮಗೆ ಗೊತ್ತಿಲ್ಲದ ಇನ್ನೊಂದು ಸುದ್ದಿಯೂ ಇತ್ತು. ಜಮೀನು ಕೊಡುತ್ತೀಯಾ ಎಂದು ಬ್ರೋಕರ್ ಒಬ್ಬ ಮೂರು ಸಲ ಮನೆಗೆ ಬಂದುಹೋಗಿದ್ದ. ಕೆರೆ ತುಂಬಿದ ಮೇಲೆ ರೇಟು ಏರಿದೆಯಂತೆ. "ಲೇಕ್ ವ್ಯೂ ಅಂತಾನಪ್ಪ" ಎಂದು ಹೇಳಿ ಅವನು ಕತ್ತಲಲ್ಲಿ ನಕ್ಕ. ಕೊಟ್ಟುಬಿಟ್ಟರೆ ಸಾಲ ತೀರುತ್ತದೆ, ತಿರುಪ್ಪೂರಿನಲ್ಲಿ ಬಾಮೈದ ಕೆಲಸ ಮಾಡುವ ಬನಿಯನ್ ಕಂಪನಿಗೆ ತಾನೂ ಸೇರಬಹುದು. ವಾರದೊಳಗೆ ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದಾನೆ. ನಾವು ಯಾರೂ ಕೊಡಬೇಡ ಎನ್ನಲಿಲ್ಲ. ಎಪ್ಪತ್ತು ಸಾವಿರ ಕಳೆದುಕೊಂಡವನಿಗೆ ಸಾವಿರದೈನೂರು ಹಾಕಿ ಬಂದವರು ಏನು ಬುದ್ಧಿ ಹೇಳಲಾದೀತು?

ಮರುದಿನ ಪೈಕಾರಾ, ಗೂಡಲೂರು ದಾರಿಯಾಗಿ ಇಳಿದೆವು. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಬಂಡೀಪುರದ ರಸ್ತೆಯಲ್ಲಿ 2009ರಿಂದ ಸಂಚಾರ ನಿಷೇಧವಿದೆ, ಅಷ್ಟರೊಳಗೆ ಕಾಡು ದಾಟಬೇಕು. ಪೈಕಾರಾದಲ್ಲಿ ಒಂದು ಗಂಟೆ ಕೂತೆವು. ತೊದವರಿಗೆ ಆ ಹೊಳೆ ಪವಿತ್ರ. ಅದಕ್ಕೆ ಕಟ್ಟೆ ಕಟ್ಟಿ 1930ರ ದಶಕದಿಂದ ವಿದ್ಯುತ್ ತೆಗೆಯುತ್ತಿದ್ದಾರೆ. ಹಿನ್ನೀರಿನಲ್ಲಿ ಮೋಟರ್ ದೋಣಿಗಳು ಓಡಾಡುತ್ತವೆ. ಅದೇ ನೀರು ಕೆಳಗಿಳಿದು ಮೋಯಾರ್ ಆಗಿ ನಮ್ಮ ಬಂಡೀಪುರದ ತೆಂಕಣ ಗಡಿಯನ್ನು ಸವರಿಕೊಂಡು ಹೋಗಿ ಭವಾನಿಯನ್ನು ಸೇರುತ್ತದೆ. ಒಂದೇ ನೀರು ಒಬ್ಬರಿಗೆ ದೇವರು, ಒಬ್ಬರಿಗೆ ಕರೆಂಟು, ಒಬ್ಬರಿಗೆ ಭಾನುವಾರ.

ಅಲ್ಲಿ ಹುಲ್ಲಿನ ಮೇಲೆ ಮಲಗಿ ರೈತ ಇದ್ದಕ್ಕಿದ್ದಂತೆ ಹೇಳಿದ: "ನಮ್ಮ ತಾತ ಆ ಹೊಲಕ್ಕೆ ಹೊಲ ಅಂತಿರಲಿಲ್ಲ ಕನ್ಲಾ. ಗದ್ದೆ ಅಂತಿದ್ದ."

ಅವನು ಮುಂದೆ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಏರಿಯ ಕೆಳಗಿನ ಜಮೀನು ಭತ್ತಕ್ಕೆಂದೇ ಇದ್ದದ್ದು. ತೂಬು ಎತ್ತಿದರೆ ನೀರು, ಕೋಡಿ ಬಿದ್ದರೂ ನೀರು, ನೀರಿಗೆ ಹೆದರದ ಬೆಳೆ. ಕೆರೆ ಒಣಗಿತು. ಒಂದು ವರ್ಷ, ಐದು ವರ್ಷ, ಇಪ್ಪತ್ತು ವರ್ಷ. ಅಪ್ಪನ ಕಾಲಕ್ಕೆ ಬದು ಒಡೆದು ಬೋರ್‌ವೆಲ್ ಹಾಕಿದರು, ಗದ್ದೆ ಹೊಲವಾಯಿತು, ಭತ್ತ ಅರಿಸಿನವಾಯಿತು. ಬತ್ತಿದ ಕೆರೆಯ ನೀರಿಗೆ ಯಾವ ಕೆಲಸ ಎಂದು ಕೋಡಿ ಕಾಲುವೆ ಸೈಟಿನೊಳಗೆ ಸೇರಿತು. ಆಮೇಲೆ ಒಂದು ವರ್ಷ ಕೆರೆ ತುಂಬಿ ತನ್ನ ಹಳೆಯ ದಾರಿಯಲ್ಲೇ ಬಂದಾಗ ದಾರಿಯಲ್ಲಿ ಇವರೆಲ್ಲ ಕೂತಿದ್ದರು. "ಅದು ತನ್ನ ಗದ್ದೆಗೆ ತಾನು ಬಂದದೆ. ನಾನು ಅರಿಸಿನ ಇಟ್ಕಂಡಿದ್ರೆ ಅದೇನ್ ಮಾಡ್ತದೆ?" ಎಂದ.

ನಾನು ಈ ಮಾತನ್ನು ಆಮೇಲೆ ಬಹಳ ಸಲ ನೆನೆದಿದ್ದೇನೆ. ಕೆರೆ ಚೆಂದ ಎನ್ನುವವರು ಏರಿಯ ಮೇಲೆ ನಿಂತಿರುತ್ತಾರೆ. ಏರಿಯ ಕೆಳಗೆ ಇರುವವರ ಕಣ್ಣು ಮೊದಲು ತೂಬು ಹುಡುಕುತ್ತದೆ, ಕೋಡಿ ಹುಡುಕುತ್ತದೆ. ಎರಡು ದಿನದಲ್ಲಿ ನಾವು ನೋಡಿದ ಮೂರು ನೀರಿನಲ್ಲಿ ಮೂರನ್ನೂ ಮನುಷ್ಯರೇ ಕಟ್ಟಿದ್ದು. ಕಟ್ಟಿದ ಮೇಲೆ ಎಲ್ಲ ನೀರಿಗೂ ಒಂದು ಕೆಳಗಿನ ಮಗ್ಗುಲು ಇರುತ್ತದೆ. ಪ್ರವಾಸಿಗರ ಬೋರ್ಡು, ಬೆಂಚು, ಐಸ್‌ಕ್ರೀಂ ಗಾಡಿ ಯಾವುದೂ ಆ ಮಗ್ಗುಲಿಗೆ ಮುಖ ಮಾಡಿ ನಿಂತಿರುವುದಿಲ್ಲ. ಈಗ ನಾನು ಯಾವ ಕೆರೆಗೆ ಹೋದರೂ ಒಂದು ಸಲ ಹಿಂದಕ್ಕೆ ತಿರುಗಿ ಕೆಳಗೆ ನೋಡುತ್ತೇನೆ. ನೋಟ ಕೆಡುವುದಿಲ್ಲ, ಅರ್ಧ ಇದ್ದದ್ದು ಪೂರ್ತಿ ಆಗುತ್ತದೆ.

ಸಂಜೆ ಆರೂವರೆಗೆ ಗುಂಡ್ಲುಪೇಟೆ ಮುಟ್ಟಿದೆವು. ಹೋಟೆಲಿನಲ್ಲಿ ಮೇಷ್ಟ್ರು ಲೆಕ್ಕ ಓದಿದ. ಪೆಟ್ರೋಲು 1,240, ರೂಮು 1,400, ಊಟ ತಿಂಡಿ ಟೀ 2,370, ದೋಣಿ ಮತ್ತು ಟಿಕೆಟ್ಟು 600, ಪಂಕ್ಚರ್ ಇತ್ಯಾದಿ 250. ಒಟ್ಟು 5,860. ಉಳಿದದ್ದು 140. ಅದನ್ನು ಏನು ಮಾಡುವುದೆಂದು ಯಾರೂ ಹೇಳಲಿಲ್ಲ. ನಾಲ್ಕು ಭಾಗ ಮಾಡುವಷ್ಟು ದೊಡ್ಡ ಮೊತ್ತವೂ ಅಲ್ಲ.

ಅವನು ಜಮೀನು ಮಾರಲಿಲ್ಲ. ಬ್ರೋಕರಿಗೆ ಏನು ಹೇಳಿ ಕಳಿಸಿದನೋ ನಾವು ಕೇಳಲಿಲ್ಲ. ಸಾಲಕ್ಕೆ ಎರಡು ಹಸುಗಳಲ್ಲಿ ಒಂದು ಹೋಯಿತು, ಹೆಂಡತಿಯ ಓಲೆ ಬ್ಯಾಂಕಿಗೆ ಹೋಯಿತು. ಕೊಳೆತ ಅರಿಸಿನ ಕಿತ್ತು ಬದು ಹಾಕಿಸಿದ. ಮುಂದಿನ ವರ್ಷ, 2023ರಲ್ಲಿ, ಮಳೆಯೇ ಬರಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಘೋಷಿಸಿತು. ಆದರೆ ಹಿಂದಿನ ವರ್ಷ ಅವನನ್ನು ಮುಳುಗಿಸಿದ ಕೆರೆಯಲ್ಲಿ ತೂಬಿನ ಮಟ್ಟಕ್ಕಿಂತ ಮೇಲೆ ನೀರು ಉಳಿದಿತ್ತು. ಒಂದು ಬೆಳೆ ಭತ್ತ ಆಯಿತು. ಲಾಭ ಎನ್ನುವಂಥದ್ದಲ್ಲ, ಮನೆಗೆ ವರ್ಷದ ಅಕ್ಕಿ ಮತ್ತು ಉಳಿದ ಹಸುವಿಗೆ ಹುಲ್ಲು.

ಕಾಲುವೆಯ ಕೆಲಸ ಮಾತ್ರ ಇನ್ನೂ ನಡೆಯುತ್ತಿದೆ. ಏರಿಯ ಕೆಳಗಿನ ಒಂಬತ್ತು ಮನೆಯವರು ಸೇರಿ ಮುಚ್ಚಿರುವ ಕೋಡಿ ಕಾಲುವೆ ತೆಗೆಸಿಕೊಡಿ ಎಂದು ಅರ್ಜಿ ಬರೆಸಿದರು. ಟೈಪು ಮಾಡಿದ್ದು ನಾನೇ, ಹಳೆಯ ಗ್ರಾಮ ನಕ್ಷೆಯ ಜೆರಾಕ್ಸ್ ಲಗತ್ತಿಸಿದ್ದೂ ನಾನೇ. ನಕ್ಷೆಯಲ್ಲಿ ಕಾಲುವೆ ಒಂದು ತೆಳು ಗೆರೆಯಾಗಿ ಸ್ಪಷ್ಟವಾಗಿದೆ. ಅಂಗಡಿಯ ದುಡ್ಡು ತೆಗೆದುಕೊಳ್ಳಲಿಲ್ಲ. ರಿಜಿಸ್ಟರ್ಡ್ ಪೋಸ್ಟಿನ ಖರ್ಚಿಗೆ ಮೇಷ್ಟ್ರು ತನ್ನ ಹಳೆಯ ಲೆಕ್ಕದ ಪುಸ್ತಕದ ನಡುವಿನಿಂದ ಪ್ರವಾಸದ 140 ರೂಪಾಯಿ ತೆಗೆದುಕೊಟ್ಟ. ಎರಡು ಅರ್ಜಿಗೆ ಸಾಕಾಯಿತು. ಮೂರನೆಯದಕ್ಕೆ ಈ ಸಲ ತಲೆಗೆ ಹತ್ತು ರೂಪಾಯಿ ಹಾಕಿದ್ದೇವೆ.