ಲಾಭ, ಎರಡು, ಮೂರು

ನಮ್ಮಜ್ಜಿ ‘ಒಂದು’ ಎಂದು ಎಣಿಸಿದ್ದನ್ನು ನಾನು ಕೇಳಿಯೇ ಇಲ್ಲ. ಕಣದಲ್ಲಿ ರಾಗಿ ಅಳೆಯುವವರ ಹಾಗೆ ಮೊದಲನೆಯದಕ್ಕೆ ಅವಳು ‘ಲಾಭ’ ಎನ್ನುತ್ತಿದ್ದಳು.

ಬೇಸಿಗೆ ರಜೆಗೆ ತುಮಕೂರು ಸೀಮೆಯ ಆ ಹಳ್ಳಿಮನೆಯಲ್ಲಿ ಮೊಮ್ಮಕ್ಕಳು ಏಳು ಜನ ಸೇರುತ್ತಿದ್ದೆವು. ಮಧ್ಯಾಹ್ನ ಪಡಸಾಲೆಗೆ ಗೋಣಿತಾಟು ಬೀಳುತ್ತಿತ್ತು. ಅಜ್ಜಿ ಅಂಗೈಗೆ ಹರಳೆಣ್ಣೆ ಬಳಿದುಕೊಂಡು ಹಲಸಿನಹಣ್ಣು ಸೀಳುವಳು. ಸುತ್ತ ಏಳು ಮುತ್ತುಗದೆಲೆ, ಏಳು ಜೊತೆ ಕಣ್ಣು. ಲಾಭ, ಎರಡು, ಮೂರು... ಎಲೆಗೊಂದು ತೊಳೆ. ಏಳನೆಯ ಎಲೆ ಮುಟ್ಟಿದ ಕೈ ಮತ್ತೆ ಲಾಭಕ್ಕೆ ಬರುವುದು. ಈ ಸುತ್ತಿನಲ್ಲಿ ಸಣ್ಣದು ಬಿದ್ದವನಿಗೆ ಮುಂದಿನ ಸುತ್ತಿನಲ್ಲಿ ದಪ್ಪದು. ಹಣ್ಣಿನಲ್ಲಿ ಒಟ್ಟು ಎಷ್ಟು ತೊಳೆ ಇತ್ತೋ ಅಜ್ಜಿಗೆ ಗೊತ್ತಿರಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. ಏಳಕ್ಕಿಂತ ಕಡಿಮೆ ಉಳಿದಾಗ ಕೈ ತಾನಾಗಿ ನಿಲ್ಲುತ್ತಿತ್ತು. ‘ಇದು ಸುತ್ತು ಬರಲ್ಲ ಕಣ್ರೋ’ ಎಂದು ಅಷ್ಟನ್ನು ದನ ಕಾಯುವ ಹುಡುಗನಿಗೆ ಎತ್ತಿಡುವಳು.

ಶಾಲೆಯಲ್ಲಿ ಮೇಷ್ಟ್ರು ಭಾಜ್ಯ, ಭಾಜಕ, ಭಾಗಲಬ್ಧ, ಶೇಷ ಎಂದು ಬೋರ್ಡಿನ ಮೇಲೆ ಬರೆದಾಗ ಅರ್ಧ ತರಗತಿ ಕಂಗಾಲಾಯಿತು. ಶೇಷ ಯಾಕೆ ಭಾಜಕಕ್ಕಿಂತ ಕಡಿಮೆಯೇ ಇರಬೇಕು ಎಂದು ಅವರು ಕೇಳಿದರೆ ನನಗೆ ದನ ಕಾಯುವ ಹುಡುಗ ನೆನಪಾದ. ಮಗ್ಗಿ ಬಾಯಿಗೆ ಬಂದ ಮೇಲೆ ಒಂದೊಂದೇ ಹಂಚುವ ಕಷ್ಟ ತಪ್ಪುತ್ತದೆ, ನಿಜ. ಆದರೆ ಹಂಚದೆ ಮಗ್ಗಿ ಕಲಿತವನಿಗೆ ಭಾಗಾಕಾರ ಗೀಟು ಎಳೆಯುವ ಕೆಲಸವಷ್ಟೇ ಎಂಬುದು ನನ್ನ ಹಟ.

1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂತು. ಅಜ್ಜಿಗೆ ಅದು ಕೊನೆಯವರೆಗೂ ಒಗ್ಗಲಿಲ್ಲ. ಮೂವರು ಹೆಣ್ಣುಮಕ್ಕಳಿಗೆ ಹಬ್ಬದ ರೂಪಾಯಿ ಹಂಚಿದರೆ ತಲೆಗೆ ಐದಾಣೆ ನಾಲ್ಕು ಕಾಸು, ಲೆಕ್ಕ ಚೊಕ್ಕ. ಹೊಸ ರೂಪಾಯಿಯಲ್ಲಿ ಮೂವತ್ತಮೂರು, ಮೂವತ್ತಮೂರು, ಮೂವತ್ತಮೂರು, ಆಮೇಲೊಂದು ಪೈಸೆ ಹಾಳಾದ್ದು ಕೈಯಲ್ಲೇ. ‘ಮೂರು ಪಾಲಾಗದ ದುಡ್ಡು ಎಂಥಾ ದುಡ್ಡು?’ ಎನ್ನುತ್ತಿದ್ದಳು.

ಆಗ ನನಗಿದ್ದ ದುರಾಸೆಯನ್ನೂ ಹೇಳಿಬಿಡುತ್ತೇನೆ. ಅತ್ತೆಯ ಮಕ್ಕಳು ಈ ಸಲ ಬರದಿರಲಿ ಎಂದು ಒಳಗೊಳಗೇ ಹರಕೆ ಹೊರುತ್ತಿದ್ದೆ. ಏಳು ಐದಾದರೆ ನನ್ನ ಎಲೆ ತುಂಬುತ್ತದಲ್ಲ! ಹರಕೆ ನಿಧಾನವಾಗಿ ಫಲಿಸಿತು. ಅಜ್ಜಿ ಹೋದಳು. ಒಬ್ಬ ಅಣ್ಣ ಜ್ವರದಲ್ಲಿ ಹೋದ, ಒಬ್ಬ ರಸ್ತೆಯಲ್ಲಿ. ಮನೆ ಪಾಲಾದಾಗ ಇಬ್ಬರು ಮಾತು ಬಿಟ್ಟರು, ಮಾತು ಬಿಟ್ಟೇ ತೀರಿಕೊಂಡರು. ಅತ್ತೆಯ ಮಕ್ಕಳಿಬ್ಬರೂ ಹೋದ ವರ್ಷ, ಆರು ತಿಂಗಳ ಅಂತರದಲ್ಲಿ.

ಮೊನ್ನೆ ಮೊಮ್ಮಗಳಿಗೆ ಲೆಕ್ಕ ಹೇಳಿಕೊಡುತ್ತಿದ್ದೆ. ಹನ್ನೆರಡು ದ್ರಾಕ್ಷಿ, ಮೂರು ತಟ್ಟೆ, ಆಮೇಲೆ ಎರಡು, ಆಮೇಲೆ ಒಂದು. ಅವಳು ತಡೆದಳು: ‘ತಾತಾ, ಒಂದೇ ತಟ್ಟೆ ಆದ್ರೆ ಅದು ಹಂಚೋದಲ್ಲ, ತಿನ್ನೋದು.’

ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ, ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಹಾಗೆಯೇ ಉಳಿಯುತ್ತದೆ ಎಂದು ‘ಗಣಿತಸಾರಸಂಗ್ರಹ’ದಲ್ಲಿ ಹೇಳಿದ್ದಾನೆ. ತಪ್ಪು ಎನ್ನುತ್ತದೆ ಇಂದಿನ ಗಣಿತ. ತಪ್ಪೇ ಇರಬಹುದು. ಊರಿನ ಹಲಸಿನ ಮರದಡಿ ಹೋಗಿ ನೋಡಿದವನು ಆಚಾರ್ಯನೊಡನೆ ಅಷ್ಟು ಜೋರಾಗಿ ವಾದಿಸಲಾರ.

ಹೋದ ವಾರ ತೋಟ ನೋಡಿಕೊಳ್ಳುವವನು ಬಸ್ಸಿಗೆ ಹಾಕಿ ಒಂದು ಹಣ್ಣು ಕಳಿಸಿದ್ದ. ಮಗ, ಸೊಸೆ, ಮಗು ಹೊರಗೆ ಹೋಗಿದ್ದರು. ಅಡುಗೆಮನೆಯ ನೆಲಕ್ಕೆ ಪೇಪರು ಹಾಸಿ, ಕೈಗೆ ಎಣ್ಣೆ ಬಳಿದು ಬಿಡಿಸುತ್ತ ಕೂತೆ. ಎಷ್ಟೋ ಹೊತ್ತಿನ ಮೇಲೆ ನೋಡಿಕೊಂಡರೆ ಪೇಪರಿನ ಮೇಲೆ ಏಳು ಗುಪ್ಪೆ, ಮೂರು ತೊಳೆ ಬೇರೆ. ಎಲ್ಲವನ್ನೂ ಒಂದೇ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟೆ.