ಪ್ಯಾಸೆಂಜರ್ ಗಾಡಿಯ ರಾಜಧಾನಿಗಳು

ಕರಜಗಿಯಿಂದ ನಸುಕಿಗೇ ಹೊರಟ ನಾವಿಬ್ಬರೂ ಗಾಣಗಾಪುರ ರೋಡ್ ಸ್ಟೇಷನ್ನಿನಲ್ಲಿ ಗಾಡಿಯ ದಾರಿ ಕಾಯುತ್ತಿದ್ದೇವೆ. ಎಳ್ಳಮಾಸಿ ಮುಗಿದು ವಾರವಾಗಿದೆ. ಹಳಿಯಾಚೆ ಎದೆಮಟ್ಟದ ಬಿಳಿಜೋಳ ಇಬ್ಬನಿಯಲ್ಲಿ ತೊಯ್ದು ನಿಂತಿದೆ, ಕೊಯ್ದ ತೊಗರಿಯ ಬಣವೆಗಳಿಂದ ಒಣಗಿದ ಎಲೆಯ ವಾಸನೆ ತೇಲಿ ಬರುತ್ತಿದೆ. ಗಾಣಗಾಪುರದ ದತ್ತನ ಪಾದುಕೆ ನೋಡಿ, ಐದು ಮನೆಯ ಮಧುಕರಿ ಬೇಡಿ ಊರಿಗೆ ಮರಳುವ ಮಂದಿ ಮರಾಠಿ, ಕನ್ನಡ ಎರಡನ್ನೂ ಬೆರೆಸಿ ಮಾತಾಡುತ್ತಿದ್ದಾರೆ.

"ಗಾಡಿ ಬಂತ್ ನೋಡು!" ಇವರು ನನಗಿಂತ ಮೊದಲೇ ಎದ್ದು ನಿಲ್ಲುತ್ತಾರೆ.

1871ರಲ್ಲಿ ಮುಂಬೈ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದವು. ಅಂದಿನಿಂದ ಈ ಹಾದಿಯಲ್ಲಿ ಎಷ್ಟು ಮಂದಿ ಓಡಾಡಿಲ್ಲ! ನಮಗೆ ಮಾತ್ರ ಊರೂರಿಗೂ ನಿಲ್ಲುವ ಈ ಗಾಡಿಯೇ ಇಷ್ಟ.

ಕಲಬುರಗಿಯಲ್ಲಿ ಇಳಿದವರೇ ಕೋಟೆಗೆ ಹೋಗುತ್ತೇವೆ. 1347ರಲ್ಲಿ ಬಹಮನಿ ಅರಸರು ರಾಜಧಾನಿ ಮಾಡಿಕೊಂಡ ಊರಿದು. ಹೊರಗೆ ಆಟೋಗಳ ಹಾರ್ನು, ಮಿರ್ಚಿ ಭಜಿಯ ಎಣ್ಣೆಯ ಚಟಪಟ. ಒಳಗೆ 1367ರ ಜಾಮಿ ಮಸೀದಿ. ಇದಕ್ಕೆ ಬಯಲು ಅಂಗಳವಿಲ್ಲ, ಇಡೀ ಕಟ್ಟಡದ ಮೇಲೆ ಗುಮ್ಮಟಗಳದೇ ಮಾಳಿಗೆ. ನೆಲಕ್ಕೆ ಹತ್ತಿರವೇ ಬಾಗಿದ ಅಗಲವಾದ ಕಮಾನುಗಳು ಒಂದರ ಹಿಂದೊಂದು ಸರಿಯುತ್ತ ಹೋಗುತ್ತವೆ. ಇವರು ಮೆಲ್ಲಗೆ ನನ್ನ ಹೆಸರು ಕರೆಯುತ್ತಾರೆ, ದೂರದ ಕತ್ತಲೆಯೊಳಗೆ ಆ ಹೆಸರು ಇನ್ನೊಮ್ಮೆ ಕೇಳಿಸುತ್ತದೆ.

ಮತ್ತೆ ಗಾಡಿ. ಶಹಾಬಾದ ಬರುತ್ತಿದ್ದಂತೆ ಫರಸಿ ಕಲ್ಲಿನ ಗಣಿಗಳು. ಬೂದುನೀಲಿ ಪದರು, ಬುಟ್ಟಿಯಲ್ಲಿ ಪೇರಿಸಿಟ್ಟ ರೊಟ್ಟಿಯಂತೆ ಒಂದರ ಮೇಲೊಂದು. ನಮ್ಮ ಅಡುಗೆಮನೆಯ ನೆಲ ಇಂಥದ್ದೇ ಗಣಿಯ ಹೊಟ್ಟೆಯಿಂದ ಬಂದದ್ದು.

ವಾಡಿಯಲ್ಲಿ ಹಳಿ ಕವಲೊಡೆಯುತ್ತದೆ. ಸಿಕಂದರಾಬಾದ್ ಕಡೆಯ ಗಾಡಿ ಹತ್ತಿದರೆ ಎದುರಿಗೊಬ್ಬ ಅಜ್ಜಿ.

"ಎಲ್ಲಿಗಿ ಹೊಂಟೀರವ್ವಾ?"

"ಮಳಖೇಡಕ್ಕ."

"ಅಲ್ಲಿ ನಿಮ್ಮ ಬೀಗರು ಹಾರೇನು?"

"ಇಲ್ಲಬೇ, ಕೋಟಿ ನೋಡ್ಲಿಕ್ಕ ಹೊಂಟೀವಿ."

ಅಜ್ಜಿ ನಮ್ಮಿಬ್ಬರನ್ನೂ ಕರುಣೆಯಿಂದ ನೋಡಿ, ಅರಿವೆ ಬಿಚ್ಚಿ, ಕಟಕ್ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಕೈಗಿಡುತ್ತಾಳೆ. "ಬಿಸಲಾಗ ತಿರಗವ್ರು, ಮೊದ್ಲ ಉಣ್ರಿ."

ಮಳಖೇಡ! ರಾಷ್ಟ್ರಕೂಟರ ಮಾನ್ಯಖೇಟ. ಕಾಗಿಣಾ ಹೊಳೆಯ ದಂಡೆಗೆ ಕೋಟೆಯ ಗೋಡೆ, ಸಂದುಗಳಲ್ಲಿ ಬೆಳೆದ ಗಿಡ, ಗಿಳಿಗಳ ಕಿರುಚಾಟ. 814ರಲ್ಲಿ ಪಟ್ಟವೇರಿದ ಅಮೋಘವರ್ಷ ನೃಪತುಂಗ ಅರವತ್ತಕ್ಕೂ ಹೆಚ್ಚು ವರ್ಷ ಆಳಿದ. ಇಲ್ಲಿನ 'ಬಲ್ಹರ' ದೊರೆಯನ್ನು ಅಂದಿನ ಅರಬ್ ಬರಹಗಳು ಜಗತ್ತಿನ ನಾಲ್ವರು ದೊಡ್ಡ ಅರಸರಲ್ಲಿ ಎಣಿಸಿದ್ದವು. ನಮಗೆ ಸಿಕ್ಕಿರುವ ಮೊದಲ ಕನ್ನಡ ಗ್ರಂಥ 'ಕವಿರಾಜಮಾರ್ಗ' ನೃಪತುಂಗನ ಆಸ್ಥಾನದ್ದು. 972ರಲ್ಲಿ ಪರಮಾರ ಸೀಯಕ ಈ ನಗರವನ್ನು ಸೂರೆ ಮಾಡಿದ. ಈಗ ನೇಮಿನಾಥ ಬಸದಿಯ ತಂಪು ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದೇನೆ, ಹೊರಗೆ ಯಾರೋ ಎಮ್ಮೆ ಹೊಡೆದುಕೊಂಡು ಕನ್ನಡದಲ್ಲೇ ಬೈಯುತ್ತ ಹೋಗುತ್ತಿದ್ದಾರೆ. ಕಣ್ಣು ತುಂಬಿ ಬರುತ್ತದೆ.

ಮರುದಿನ ವಾಡಿಗೆ ಮರಳಿ ರಾಯಚೂರು ಕಡೆಯ ಗಾಡಿಯಲ್ಲಿ ನಾಲವಾರ, ಅಲ್ಲಿಂದ ಟಂಟಂನಲ್ಲಿ ಸನ್ನತಿ. ನಮ್ಮ ತಾಲ್ಲೂಕಿನ ಅಂಚಿಗೇ ಹರಿದು ಬಂದ ಭೀಮೆ ಇಲ್ಲಿ ಮೈಚೆಲ್ಲಿ ಬಾಗಿದ್ದಾಳೆ. ಚಂದ್ರಲಾ ಪರಮೇಶ್ವರಿಯ ಗುಡಿಯ ಆವರಣದಲ್ಲಿದ್ದ ಕಾಳಿ ಗುಡಿಯ ಮಾಳಿಗೆ 1986ರಲ್ಲಿ ಕುಸಿಯಿತು. ಮೂರ್ತಿಯ ಕೆಳಗಿನ ಪೀಠ ತೆಗೆದು ನೋಡಿದರೆ ಅದು ಅಶೋಕನ ಶಾಸನ! ಮೂರ್ತಿಯನ್ನು ಕೂಡಿಸಲು ನಟ್ಟನಡುವೆ ಚೌಕಾಕಾರ ತೂತು ಕೊರೆದಿದ್ದರು. ಬ್ರಾಹ್ಮಿ ಅಕ್ಷರಗಳ ಸಾಲು ಅಲ್ಲಿಗೆ ಬಂದು ಕಡಿದು, ಆಚೆ ದಡದಲ್ಲಿ ಮುಂದುವರಿಯುತ್ತದೆ. ಕಾಳಿಗೆ ಕೈಮುಗಿದ ಎಷ್ಟೋ ತಲೆಮಾರಿನವರು ಅರಿಯದೆಯೇ ಅಶೋಕನಿಗೂ ಮುಗಿದಿದ್ದರು.

ಹತ್ತಿರದ ಕನಗನಹಳ್ಳಿಯ ಸ್ತೂಪದ ಚಪ್ಪಡಿಯೊಂದರ ಮೇಲೆ ಅವನದೇ ಶಿಲ್ಪ. ಛತ್ರಿ, ಚಾಮರ, ಪಕ್ಕದಲ್ಲಿ ರಾಣಿ. ಜೊತೆಗೇ ಬರೆದಿದ್ದಾರೆ: 'ರಾಯೋ ಅಸೋಕೋ'. ಅದೂ ಈ ಸೀಮೆಯ ಸುಣ್ಣಕಲ್ಲೇ.

"ಗಂಡ ಹೆಂಡ್ತಿ ಇಬ್ರೂ ಬಂದಾರ ನೋಡು," ಅನ್ನುತ್ತಾರೆ ಇವರು.

ಮುಂಬೈಗೋ ಚೆನ್ನೈಗೋ ಹೋಗುವಾಗ ಈ ಹಾದಿಯನ್ನು ನಿದ್ದೆಯಲ್ಲೇ ದಾಟುವವರೇ, ಒಮ್ಮೆ ಹಗಲಿನ ಪ್ಯಾಸೆಂಜರ್ ಹಿಡಿಯಿರಿ. ವಾಡಿಯಲ್ಲಿ ಗಾಡಿ ಬದಲಿಸಿ ಮಳಖೇಡ ರೋಡಿನಲ್ಲಿ ಇಳಿಯಿರಿ, ನಾಲವಾರದಲ್ಲಿ ಇಳಿಯಿರಿ. ಜೊತೆಗೆ ನಿಮ್ಮವರನ್ನೂ ಕರೆತನ್ನಿ.